ಮೀನಿಲ್ಲದ ಮೀನಿನ ಹೋಟೆಲ್

ಇವತ್ತು ಊಟದ ವಿಷಯ. ಊಟದ ವಿಷಯ ಅಂದ ತಕ್ಷಣ ಸರ್ಕಾರಕ್ಕೆ ಪ್ರಶ್ನೆ ಇಲ್ಲ ಅಂದ್ಕೋಬೇಡಿ. ಇದೆ, ಬರುತ್ತೆ.

ನಾನು ದಾವಣಗೆರೆ ವಿದ್ಯಾನಗರದವನು. ಬೆಣ್ಣೆ ದೋಸೆ, ಮಂಡಕ್ಕಿ-ಮಿರ್ಚಿ ತಿಂದು ಬೆಳೆದವನು. ಮೀನಿನ ಬಗ್ಗೆ ಇವನಿಗೇನು ಗೊತ್ತು ಅಂತ ಕರಾವಳಿಯ ವೀಕ್ಷಕರು ಕೇಳಬಹುದು. ಒಪ್ಕೋತೀನಿ. ಎಂಜಿನಿಯರಿಂಗ್ ಮುಗಿಸೋವರೆಗೂ ನನಗೆ ಸಮುದ್ರದ ಮೀನು ಅಂದ್ರೆ ಐಸ್ ಪೆಟ್ಟಿಗೆಯಲ್ಲಿ ಲಾರಿ ಹತ್ತಿ ಬರೋ ವಸ್ತು. ಮಾವಿನ ಹಣ್ಣಿಗೆ ಇರೋ ಹಾಗೆ ಅದಕ್ಕೂ ಒಂದು ಕಾಲ ಇದೆ ಅಂತ ಯೋಚಿಸಿರಲೇ ಇಲ್ಲ.

ಒಂದು ಜುಲೈನಲ್ಲಿ ಘಟ್ಟ ಇಳಿದು ಮಲ್ಪೆಗೆ ಹೋದೆ. ಜೋರು ಮಳೆ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಗಲ್ಲಿಯೊಳಗೆ ಒಂದು ಸಣ್ಣ ಹೋಟೆಲ್, ನಾಲ್ಕೇ ಮೇಜು. ಕೂತವನೇ ಅಂಜಲ್ ಫ್ರೈ ಹೇಳಿದೆ.

"ಇಲ್ಲ ಮಾರಾಯ್ರೇ, ಈಗ ಅಂಜಲ್ ಇಲ್ಲ" ಅಂದ್ರು ಹೋಟೆಲ್ ನಡೆಸೋ ಅಮ್ಮ.

"ಹೈವೇ ಪಕ್ಕದ ಹೋಟೆಲ್‌ನಲ್ಲಿ ಇತ್ತಲ್ಲಮ್ಮಾ?"

"ಅಲ್ಲಿ ಇರ್ತದೆ. ಎಲ್ಲಿಂದ ಬಂತು, ಯಾವಾಗ ಬಂತು ಅಂತ ಕೇಳಿದ್ರಾ ನೀವು?"

ಕೇಳಿರಲಿಲ್ಲ. ದಿನಾ ಟಿವಿಯಲ್ಲಿ ಕೂತು ಎಲ್ಲರಿಗೂ ಪ್ರಶ್ನೆ ಕೇಳೋನು ನಾನು, ನೋಡಿ.

ವಿಷಯ ಇಷ್ಟೇ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಸಮುದ್ರವೂ ಒರಟಾಗಿರುತ್ತೆ, ಭೂತಾಯಿಯಂಥ ಎಷ್ಟೋ ಮೀನುಗಳು ಮೊಟ್ಟೆ ಇಡೋದೂ ಮಳೆಗಾಲದಲ್ಲೇ. ನಾಡದೋಣಿಗಳಿಗೆ ಅವಕಾಶ ಇದೆ, ಅಲೆ ಬಿಟ್ಟರೆ ಒಂದಿಷ್ಟು ಮೀನು ಸಿಗುತ್ತೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅಂದ್ರೆ ಜುಲೈನಲ್ಲಿ ಮಲ್ಪೆಯ ಸಮುದ್ರ ನೋಡ್ತಾ ನೀವು ತಿನ್ನೋ ದೊಡ್ಡ ಮೀನು ಆ ಕಡೆಯ ಸಮುದ್ರದ್ದೋ, ಫ್ರೀಜರ್‌ನದ್ದೋ ಆಗಿರೋ ಸಾಧ್ಯತೆಯೇ ಹೆಚ್ಚು.

ಹಾಗಾದ್ರೆ ಆ ಅಮ್ಮ ನನಗೆ ಏನು ಬಡಿಸಿದ್ರು? ಕುಚ್ಚಲಕ್ಕಿ ಗಂಜಿ. ಒಣ ಸಿಗಡಿ ಚಟ್ನಿ. ಕೆಸುವಿನ ಎಲೆಗೆ ಅಕ್ಕಿ-ಮಸಾಲೆ ಹಿಟ್ಟು ಸವರಿ, ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆ. ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟಿದ್ದ ಹಲಸಿನ ಸೊಳೆಯ ಪಲ್ಯ. ಜೊತೆಗೆ ಕಣಿಲೆ, ಅಂದ್ರೆ ಎಳೆ ಬಿದಿರು. ಅದನ್ನ ಹೆಚ್ಚಿ, ದಿನಾ ನೀರು ಬದಲಾಯಿಸ್ತಾ ನೆನೆಸಿಡಬೇಕು. ಇಲ್ಲದಿದ್ರೆ ಕಹಿ, ಹೊಟ್ಟೆಗೂ ಒಳ್ಳೇದಲ್ಲ. ಹೆಸರಿಗೆ ಮೀನಿನ ಹೋಟೆಲ್, ತಟ್ಟೆಯಲ್ಲಿ ಹಸಿ ಮೀನಿನ ಒಂದು ತುಂಡೂ ಇಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ. ಪತ್ರೊಡೆಯನ್ನ ಮೂರು ಸಲ.

ನಮ್ಮ ಕಡೆಯೂ ಹೀಗೇ ಇತ್ತಲ್ಲ? ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹರಿಹರಕ್ಕೆ, ತುಂಗಭದ್ರೆಯ ದಡಕ್ಕೆ ಹೋಗೋದು. ಈಗ ಅವರೆಕಾಳು ವರ್ಷವಿಡೀ ಪ್ಯಾಕೆಟ್‌ನಲ್ಲಿ ಸಿಗುತ್ತೆ. ಸಿಗಲಿ ಬಿಡಿ, ಅದರಿಂದ ಯಾರ ಹೊಟ್ಟೆಗೂ ಹೊಡೆತ ಬೀಳಲ್ಲ. ಸಮುದ್ರದ ಲೆಕ್ಕ ಬೇರೆ.

ಆ ಅಮ್ಮನ ಗಂಡ ಬೋಟಿಗೆ ಹೋಗೋರು. ಎರಡು ತಿಂಗಳು ಮನೆ ನಡೆಯೋದು ಈ ನಾಲ್ಕು ಮೇಜಿನಿಂದ. ಸರ್ಕಾರದ ಉಳಿತಾಯ-ಪರಿಹಾರ ಯೋಜನೆ ಒಂದಿದೆ. ಅದರಲ್ಲಿ ಮೀನುಗಾರ ತನ್ನ ದುಡಿಮೆಯಲ್ಲಿ 1,500 ರೂಪಾಯಿ ಉಳಿಸಬೇಕಿತ್ತು, ಕೇಂದ್ರ, ರಾಜ್ಯ ಸೇರಿ 3,000 ಹಾಕ್ತಿದ್ದವು. ಒಟ್ಟು 4,500, ಮೂರು ತಿಂಗಳಿಗೆ. ನಾನು ಎಂಜಿನಿಯರ್, ಭಾಗಾಕಾರ ಬರುತ್ತೆ. ದಿನಕ್ಕೆ 50 ರೂಪಾಯಿ. ಅದರಲ್ಲೂ ಮೂರನೇ ಒಂದು ಭಾಗ ಅವನದ್ದೇ ದುಡ್ಡು! ವಿದ್ಯಾನಗರದಲ್ಲಿ ಬೆಣ್ಣೆ ದೋಸೆ ಜೊತೆ ಕಾಫಿ ಕುಡಿದರೆ ಈ 50 ಸಾಕಾಗಲ್ಲ ಸ್ವಾಮಿ. ಮೀನಿಗೆ ರಜೆ ಕೊಟ್ಟಿದ್ದು ಸರಿ, ನಾನು ಅದರ ಪರ. ಆದರೆ ಆ ರಜೆಯ ಖರ್ಚನ್ನ ಮೀನುಗಾರನ ಮನೆಯೇ ಹೊರಬೇಕು ಅಂತ ಯಾರು ತೀರ್ಮಾನ ಮಾಡಿದ್ದು? ಬೆಂಗಳೂರಲ್ಲಿ, ದೆಹಲಿಯಲ್ಲಿ ಕೂತವರು ಇದಕ್ಕೆ ಉತ್ತರ ಕೊಡಬೇಕು.

ದುಡ್ಡು ಕೊಟ್ಟು ಹೊರಡುವಾಗ ಕೇಳಿದೆ, "ಅಮ್ಮಾ, ಆಗಸ್ಟ್ ಒಂದಕ್ಕೇ ಬಂದ್ರೆ ಅಂಜಲ್ ಸಿಗುತ್ತಾ?"

"ಒಂದಕ್ಕೇ ಬರಬೇಡಿ ಮಾರಾಯ್ರೇ" ಅಂದ್ರು. "ಬೋಟು ಹೋಗಿ ವಾಪಸ್ ಬರಬೇಕಲ್ಲ? ಹದಿನೈದು ದಿನ ಬಿಟ್ಟು ಬನ್ನಿ. ರೇಟೂ ಸ್ವಲ್ಪ ಇಳಿದಿರ್ತದೆ."