ಎಕ್ಸ್ ಅಂದ್ರೆ ಏನರ್ಥ? ಕಾಡಲ್ಲಿ ಒಂದು, ಗೋಡೆ ಮೇಲೆ ಒಂದು, ಆಕಾಶಕ್ಕೆ ಇನ್ನೊಂದು

ಬಸ್ಸಲ್ಲಿ ಕೇಳ್ತಾ ಇದೀರೋ, ಪಾತ್ರೆ ತೊಳೀತಾ ಕೇಳ್ತಾ ಇದೀರೋ ಗೊತ್ತಿಲ್ಲ. ಇವತ್ತು ನಾನು ಮೊದಲು ನನ್ನ ಒಂದು ಪೆದ್ದುತನದ ಕಥೆ ಹೇಳ್ತೀನಿ.

ಎರಡು ವರ್ಷದ ಹಿಂದೆ ನಾವು ಐದು ಜನ ಚಿಕ್ಕಮಗಳೂರು ಕಡೆ ಒಂದು ಬೆಟ್ಟ ಹತ್ತೋಕೆ ಹೋಗಿದ್ವಿ. ಇಳಿಯುವಾಗ ಮಂಜು ಕವಿದು ಗುಂಪು ಎರಡಾಯ್ತು. ಮುಂದೆ ಮೂರು ಜನ, ಹಿಂದೆ ನಾನೂ ಇನ್ನೊಬ್ಬನೂ. ಫೋನಲ್ಲಿ ಸಿಗ್ನಲ್ ಇಲ್ಲ. ದಾರಿ ಕವಲೊಡೆಯೋ ಜಾಗದಲ್ಲಿ ನೋಡಿದ್ರೆ, ನೆಲದ ಮೇಲೆ ಎರಡು ಕಡ್ಡಿ ಅಡ್ಡಡ್ಡ ಇಟ್ಟಿದಾರೆ. ಥೇಟ್ ಗುಣಿಸು ಚಿಹ್ನೆ. ನಾವಿಬ್ರೂ ಬಿ.ಕಾಂ. ಓದಿದವರು, ನಿಧಿಯ ನಕ್ಷೆ ಬರೋ ಸಿನಿಮಾ ನೋಡಿ ಬೆಳೆದವರು. ಎಕ್ಸ್ ಹಾಕಿದಾರೆ ಅಂದ್ರೆ ಇಲ್ಲೇ ಹೋಗಿದಾರೆ ಅಂತ ಖುಷಿಯಿಂದ ಅದೇ ದಾರಿ ಹಿಡಿದ್ವಿ. ಮುಕ್ಕಾಲು ಗಂಟೆ ಆದ್ಮೇಲೆ ಒಂದು ಕೊರಕಲಿನ ತುದಿ. ಕೆಳಗೆ ನೀರಿನ ಸದ್ದು, ದಾರಿ ಇಲ್ಲ. ವಾಪಸ್ ಹತ್ತಿ ಕವಲಿಗೆ ಬರೋ ಹೊತ್ತಿಗೆ ಕತ್ತಲಾಗಿತ್ತು. ಮೂವರೂ ಅಲ್ಲೇ ನಿಂತು ನಮ್ಮ ಹೆಸರು ಕೂಗ್ತಾ ಇದ್ರು. ಅವರಲ್ಲೊಬ್ಬ ಹೈಸ್ಕೂಲಲ್ಲಿ ಸ್ಕೌಟ್‌ನಲ್ಲಿದ್ದವನು. ‘ಲೋ, ಎಕ್ಸ್ ಹಾಕಿದ್ನಲ್ಲೋ, ಈ ಕಡೆ ಬರಬೇಡಿ ಅಂತ!’ ಅಂದ. ನನಗೆ ಅಳಬೇಕೋ ನಗಬೇಕೋ ಗೊತ್ತಾಗ್ಲಿಲ್ಲ.

ಸ್ಕೌಟ್ಸ್‌ನಲ್ಲಿ ಇದನ್ನ ನಿಜವಾಗ್ಲೂ ಕಲಿಸ್ತಾರೆ. ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ನೀಲಿ ಸ್ಕಾರ್ಫ್ ಕಟ್ಟಿಕೊಂಡು ಆಡಿರ್ತೀರಿ. ಬಾಣ ಅಂದ್ರೆ ಈ ಕಡೆ ಬನ್ನಿ. ಕಲ್ಲಿನ ಮೇಲೊಂದು ಚಿಕ್ಕ ಕಲ್ಲು, ಅದರ ಬಲಕ್ಕೆ ಇನ್ನೊಂದು ಕಲ್ಲು ಇದ್ರೆ ಬಲಕ್ಕೆ ತಿರುಗಿ. ಉದ್ದ ಹುಲ್ಲನ್ನ ಗಂಟು ಹಾಕಿ ಒಂದು ಕಡೆ ವಾಲಿಸಿದ್ರೆ ಆ ಕಡೆ ಹೋಗಿ. ಎಕ್ಸ್ ಅಂದ್ರೆ ಈ ದಾರಿ ಬೇಡ. ವೃತ್ತ ಬರೆದು ಮಧ್ಯ ಒಂದು ಚುಕ್ಕಿ ಇಟ್ರೆ, ನಾನು ಮನೆಗೆ ಹೋದೆ ಅಂತ. ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ 1941ರಲ್ಲಿ ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡ್ರು. ಅವರ ಸಮಾಧಿಕಲ್ಲಿನ ಮೇಲೂ ಇದೇ ವೃತ್ತ, ಇದೇ ಚುಕ್ಕಿ ಇದೆ. ಮನೆಗೆ ಹೋದೆ. ಇದನ್ನ ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನನ್ನ ತಲೆಗೆ ಹುಳ ಬಿಟ್ಟಿದ್ದು ಆ ಎಕ್ಸ್. ಅದರ ಹಿಂದೆ ಬಿದ್ದೆ. ಬಿದ್ದರೆ ಏನು, ಅದಕ್ಕೆ ಇನ್ನೂ ಅರ್ಥಗಳಿವೆ!

2005ರ ಆಗಸ್ಟ್ 29. ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಕತ್ರೀನಾ ಚಂಡಮಾರುತ ಬಡಿಯಿತು. ಪ್ರವಾಹ ತಡೆಯೋ ಗೋಡೆಗಳು ಒಡೆದು ಊರಿನ ಬಹುಪಾಲು ಮುಳುಗಿತು. ಆಮೇಲಿನ ಫೋಟೋಗಳಲ್ಲಿ ನೀವು ನೋಡಿರ್ತೀರಿ, ಮನೆಗಳ ಮುಂದೆ ಸ್ಪ್ರೇ ಪೇಂಟ್‌ನಲ್ಲಿ ದೊಡ್ಡ ಎಕ್ಸ್, ಸುತ್ತ ಅಕ್ಷರ, ಅಂಕಿ. ಯಾರೋ ಪುಂಡರು ಗೀಚಿದ ಹಾಗೆ ಕಾಣುತ್ತೆ. ಅದು ರಕ್ಷಣಾ ತಂಡಗಳ ಲೆಕ್ಕದ ಪುಸ್ತಕ.

ಕೆಲಸ ಮಾಡೋ ರೀತಿ ಹೀಗೆ. ತಂಡ ಮನೆ ಒಳಗೆ ಹೋಗುವಾಗ ಒಂದೇ ಒಂದು ಓರೆ ಗೆರೆ ಎಳೀತಾರೆ. ಹೊರಗೆ ಬಂದ ಮೇಲೆ ಇನ್ನೊಂದು ಗೆರೆ ಎಳೆದು ಎಕ್ಸ್ ಮುಗಿಸ್ತಾರೆ. ಅಂದ್ರೆ ಬರೀ ಒಂದು ಗೆರೆ ಕಂಡ್ರೆ, ಒಳಗೆ ನಮ್ಮವರು ಇನ್ನೂ ಇದಾರೆ ಅಂತ. ಆ ಮನೆ ಕುಸಿದರೆ ಹುಡುಕೋರನ್ನೇ ಹುಡುಕಬೇಕಾಗುತ್ತೆ. ಎಕ್ಸ್ ಆದ್ಮೇಲೆ ನಾಲ್ಕು ಮೂಲೆ ಸಿಗುತ್ತಲ್ವಾ? ಎಡಕ್ಕೆ ಯಾವ ತಂಡ ಅನ್ನೋದು. ಮೇಲೆ, ಹೊರಬಂದ ದಿನ, ಹೊತ್ತು. ಬಲಕ್ಕೆ ಅಪಾಯ ಏನಿದೆ ಅನ್ನೋದು, ಗ್ಯಾಸ್ ಸೋರಿಕೆ ಆಗಿರಬಹುದು, ಇಲಿ ಕಾಟ ಇರಬಹುದು. ಕೆಳಗಿನ ಮೂಲೆ ಕಷ್ಟದ್ದು. ಅಲ್ಲಿ ಒಳಗೆ ಸಿಕ್ಕ ಜನರ ಸಂಖ್ಯೆ, ಬದುಕಿದವರೆಷ್ಟು, ಸತ್ತವರೆಷ್ಟು. ಯಾರೂ ಇಲ್ಲ ಅಂದ್ರೆ ಸೊನ್ನೆ.

ನಾನು ಡೆಬಿಟ್, ಕ್ರೆಡಿಟ್ ಓದಿದವನು. ಸೊನ್ನೆ ನೋಡಿ ಯಾವತ್ತೂ ಇಷ್ಟು ಸಮಾಧಾನ ಆಗಿರಲಿಲ್ಲ. ನೀರಿಳಿದು ವರ್ಷಗಳಾದ್ಮೇಲೂ ಅಲ್ಲಿ ಕೆಲವರು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಆ ಎಕ್ಸ್ ಅಳಿಸದೆ ಹಾಗೇ ಉಳಿಸಿಕೊಂಡ್ರು.

ಸರಿ, ಇನ್ನು ಆಕಾಶಕ್ಕೆ ಬರೋಣ. ಬದುಕುಳಿದವರು ನೆಲದ ಮೇಲೆ ಬರೆದು ವಿಮಾನಕ್ಕೆ ಹೇಳೋ ಐದು ಚಿಹ್ನೆ ಇವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಪ್ಪಿರೋದು, ಭಾರತವೂ ಅದರ ಸದಸ್ಯ. ಇಂಗ್ಲಿಷಿನ ವಿ ಅಂದ್ರೆ ಸಹಾಯ ಬೇಕು. ಎನ್ ಅಂದ್ರೆ ಇಲ್ಲ, ವೈ ಅಂದ್ರೆ ಹೌದು. ಬಾಣ ಅಂದ್ರೆ ನಾವು ಈ ದಿಕ್ಕಿಗೆ ಹೊರಟಿದ್ದೀವಿ. ಮತ್ತೆ ನಮ್ಮ ಎಕ್ಸ್? ವೈದ್ಯಕೀಯ ನೆರವು ಬೇಕು! ಅಂದ್ರೆ ನನ್ನ ಗೆಳೆಯ ಇಟ್ಟ ಎಕ್ಸನ್ನ ದೊಡ್ಡದು ಮಾಡಿ ಬಯಲಲ್ಲಿ ಇಟ್ಟಿದ್ರೆ, ಮೇಲಿನ ಪೈಲಟ್ ನಮಗೆ ಡಾಕ್ಟರ್ ಕಳಿಸೋಕೆ ನೋಡ್ತಿದ್ದ.

ಒಂದೊಂದು ಅಕ್ಷರ ಕನಿಷ್ಠ ಎರಡೂವರೆ ಮೀಟರ್ ಇರಬೇಕು ಅಂತಾರೆ. ನಾನು ಹೇಳ್ತೀನಿ, ಆದಷ್ಟೂ ದೊಡ್ಡದು ಮಾಡಿ. ಬಣ್ಣ ನೆಲಕ್ಕಿಂತ ಬೇರೆ ಇರಬೇಕು, ಬಿಳಿ ಮರಳಿಗೆ ಕಡು ಎಲೆ, ಹಸಿರು ಹುಲ್ಲಿಗೆ ತಿಳಿ ಬಟ್ಟೆ. ಕಾಡಲ್ಲಿ ಗೆರೆಗಳು ಕಡಿಮೆ, ಅಂಕುಡೊಂಕೇ ಜಾಸ್ತಿ. ಹಾಗಾಗಿ ನೇರ ಗೆರೆ ಕಂಡ್ರೆ ಮನುಷ್ಯನ ಕೈ ಅಂತ ಕಣ್ಣಿಗೆ ಹೊಡೆಯುತ್ತೆ. ವಿಮಾನ ರೆಕ್ಕೆ ಆ ಕಡೆ ಈ ಕಡೆ ಅಲ್ಲಾಡಿಸಿದ್ರೆ ನಿಮ್ಮ ಮಾತು ಅರ್ಥ ಆಯ್ತು ಅಂತ.

ಇದೆಲ್ಲ ನೆನಪಿರಲ್ಲ ಅಂದ್ರೆ ಎಸ್‌ಒಎಸ್ ಸಾಕು. 1906ರಲ್ಲಿ ಬರ್ಲಿನ್‌ನ ಸಮ್ಮೇಳನದಲ್ಲಿ ಒಪ್ಪಿದ್ದು ಅದು. ಯಾವ ಪದದ ಸಂಕ್ಷಿಪ್ತ ರೂಪವೂ ಅಲ್ಲ, ಮೋರ್ಸ್‌ನಲ್ಲಿ ಕಳಿಸೋಕೆ ಸುಲಭ ಅಂತ ಆರಿಸಿದ್ದು, ಮೂರು ಚುಕ್ಕಿ ಮೂರು ಗೆರೆ ಮೂರು ಚುಕ್ಕಿ. ಇನ್ನೊಂದು ಮಜಾ, ಅದನ್ನ ಬರೆದು ತಲೆಕೆಳಗೆ ತಿರುಗಿಸಿ ನೋಡಿ. ಆಗಲೂ ಎಸ್‌ಒಎಸ್. ವಿಮಾನ ಎದುರಿಂದ ಬಂದ್ರೂ ಹಿಂದಿಂದ ಬಂದ್ರೂ ಓದಬಹುದು.

ಇದು ಕೆಲಸ ಮಾಡುತ್ತಾ? ಮಾಡುತ್ತೆ. 2024ರ ಮಾರ್ಚ್ 31, ಈಸ್ಟರ್ ಭಾನುವಾರ. ಪೆಸಿಫಿಕ್‌ನ ಮೈಕ್ರೋನೇಷ್ಯಾದ ಪೊಲೊವಾಟ್ ಅನ್ನೋ ದ್ವೀಪದಿಂದ ಮೂವರು ಚಿಕ್ಕ ದೋಣಿಯಲ್ಲಿ ಹೊರಟ್ರು. ಪಿಕೆಲಾಟ್ ಅನ್ನೋ ಜನವಸತಿ ಇಲ್ಲದ ಪುಟ್ಟ ದ್ವೀಪದ ಹತ್ರ ದೋಣಿಯ ಮೋಟಾರ್ ಕೆಟ್ಟಿತು, ರೇಡಿಯೋ ಬ್ಯಾಟರಿ ಮುಗೀತು. ಅವರು ತಾಳೆಗರಿಗಳನ್ನ ಬಿಳಿ ಮರಳಿನ ಮೇಲೆ ಜೋಡಿಸಿ ಇಂಗ್ಲಿಷಿನಲ್ಲಿ ‘ಹೆಲ್ಪ್’ ಅಂತ ಬರೆದ್ರು. ತೆಂಗಿನಕಾಯಿ ತಿಂದ್ಕೊಂಡು, ಅಲ್ಲಿದ್ದ ಚಿಕ್ಕ ಬಾವಿಯ ನೀರು ಕುಡ್ಕೊಂಡು ಇದ್ರು. ಜಪಾನಿನ ಓಕಿನಾವಾದಿಂದ ಹಾರಿದ ಅಮೆರಿಕದ ನೌಕಾಪಡೆ ವಿಮಾನಕ್ಕೆ ಆ ಅಕ್ಷರ ಕಾಣ್ತು. ಏಪ್ರಿಲ್ 9ಕ್ಕೆ ಕೋಸ್ಟ್ ಗಾರ್ಡ್ ಹಡಗು ಹೋಗಿ ಕರ್ಕೊಂಡು ಬಂತು. ದಡಕ್ಕೆ ಹೋದ ಸಿಬ್ಬಂದಿಯಲ್ಲಿ ಅವರ ಭಾಷೆ ಬಲ್ಲವನೊಬ್ಬ ಇದ್ದ. ಮಾತಾಡ್ತಾ ಮಾತಾಡ್ತಾ ನೋಡಿದ್ರೆ ಅವನು ಅವರಿಗೆ ದೂರದ ನೆಂಟ! ನಮ್ಮ ಕಡೆ ಮದುವೆಮನೆಯಲ್ಲಿ ಆಗೋ ಹಾಗೆ. ತಮಾಷೆ ಅಂದ್ರೆ 2020ರಲ್ಲೂ ಅದೇ ದ್ವೀಪದ ಮರಳಲ್ಲಿ ಎಸ್‌ಒಎಸ್ ಬರೆದು ಬೇರೆ ಮೂವರು ಪಾರಾಗಿದ್ರು.

ಇನ್ನೊಂದು ಕಥೆ ಇದೆ. ಹೇಳಲೋ ಬೇಡವೋ ಅಂತ ಯೋಚಿಸಿದೆ, ಹೇಳ್ತೀನಿ.

ಜಪಾನಿನ ಹೊಕ್ಕೈಡೋದಲ್ಲಿ ಅಸಾಹಿಡಾಕೆ ಅಂತ ಬೆಟ್ಟ, 2,291 ಮೀಟರ್. 1989ರ ಜುಲೈನಲ್ಲಿ ಅಲ್ಲಿ ಇಬ್ಬರು ಕಾಣೆಯಾದ್ರು. ಪೊಲೀಸ್ ಹೆಲಿಕಾಪ್ಟರ್ ಹುಡುಕ್ತಾ ಹೋದಾಗ ಕಣಿವೆಯಲ್ಲಿ ಬರ್ಚ್ ಮರದ ದಿಮ್ಮಿಗಳಿಂದ ಮಾಡಿದ ಎಸ್‌ಒಎಸ್ ಕಾಣ್ತು. ಒಂದೊಂದು ಅಕ್ಷರ ಸುಮಾರು 5 ಮೀಟರ್. ಅಲ್ಲಿಂದ ಸ್ವಲ್ಪ ದೂರದಲ್ಲಿ ಆ ಇಬ್ಬರೂ ಸಿಕ್ಕಿದ್ರು, ಜೀವಂತ. ಎಸ್‌ಒಎಸ್ ಬರೆದಿದ್ದು ಒಳ್ಳೇದಾಯ್ತು ಅಂತ ಪೊಲೀಸರು ಹೇಳಿದ್ರೆ, ಅವರಿಬ್ರೂ, ಯಾವ ಎಸ್‌ಒಎಸ್? ನಾವು ಏನೂ ಬರೆದಿಲ್ಲ ಅಂದ್ರು.

ಮರುದಿನ ವಾಪಸ್ ಹೋಗಿ ನೋಡಿದ್ರೆ ಮನುಷ್ಯನ ಮೂಳೆ, ಒಂದು ಬ್ಯಾಗು, ಒಂದು ಟೇಪ್ ರೆಕಾರ್ಡರ್. ಟೇಪಿನಲ್ಲಿ ಗಂಡಸಿನ ದನಿ, ಒಂದೊಂದೇ ಅಕ್ಷರ ಎಳೆದು ಎಳೆದು ಕೂಗಿದ್ದು: ಬಂಡೆ ಹತ್ರ ಸಿಕ್ಕಿಕೊಂಡಿದೀನಿ, ಬಿದಿರಿನ ಪೊದೆ ದಟ್ಟ ಇದೆ, ಮೇಲೆ ಹತ್ತೋಕಾಗ್ತಿಲ್ಲ ಅನ್ನೋ ಅರ್ಥದ ಮಾತು. 1984ರ ಜುಲೈನಲ್ಲಿ ಕಾಣೆಯಾಗಿದ್ದ ಒಬ್ಬ ಯುವಕ ಅಂತ ಆಮೇಲೆ ತಿಳೀತು. ನನಗಿಂತ ಚಿಕ್ಕವನು. 1987ರಲ್ಲಿ ಮೇಲಿಂದ ತೆಗೆದ ಫೋಟೋದಲ್ಲಿ ಆ ಎಸ್‌ಒಎಸ್ ಇದೆ! ಹುಡುಕ್ತಾ ಇರಲಿಲ್ಲ ಅಷ್ಟೇ, ಹಾಗಾಗಿ ಯಾರೂ ಓದ್ಲಿಲ್ಲ.

ದಾರಿ ತಪ್ಪಿದ್ದು ಹೇಗೆ ಅಂತ ಕೇಳಿದ್ರೆ ಇನ್ನೂ ಹೊಟ್ಟೆ ಉರಿಯುತ್ತೆ. ಶಿಖರದ ಹತ್ರ ಕಿಂಕೋ ಇವಾ ಅಂತ ಒಂದು ಬಂಡೆ ಇದೆ. ತಿಜೋರಿ ಬಂಡೆ ಅಂತ ಅರ್ಥ, ಚೌಕಾಕಾರ. ಇಳಿಯೋರಿಗೆ ಅದೇ ಗುರುತು. ಅಲ್ಲೇ ಹತ್ರದಲ್ಲಿ ಅದೇ ಥರದ ಇನ್ನೊಂದು ಬಂಡೆಯೂ ಇದೆ, ನಕಲಿ ತಿಜೋರಿ ಬಂಡೆ ಅಂತಾರೆ. ಮಂಜಲ್ಲಿ ಅದನ್ನ ನೋಡಿ ತಿರುಗಿದ್ರೆ ಕಣಿವೆಗೆ ಇಳೀತೀರಿ. ಇಳಿಯೋದು ಸುಲಭ, ಪೊದೆ ಸೀಳಿಕೊಂಡು ವಾಪಸ್ ಹತ್ತೋದು ಆಗಲ್ಲ. ಕೊರಕಲಿನ ತುದಿಯಲ್ಲಿ ನಿಂತಿದ್ದ ನನಗೆ ಇದು ಓದಿದಾಗ ಬೆನ್ನು ತಣ್ಣಗಾಯ್ತು.

ಪಿಕೆಲಾಟ್‌ನವರಿಗೂ ಇವನಿಗೂ ನಾನು ಕಂಡ ವ್ಯತ್ಯಾಸ ಅಕ್ಷರದಲ್ಲಿ ಇಲ್ಲ. ಏಪ್ರಿಲ್ 6ಕ್ಕೇ ಒಬ್ಬ ನೆಂಟರ ಹುಡುಗಿ ಫೋನ್ ಮಾಡಿ, ನಮ್ಮ ಮಾವಂದಿರು ಇನ್ನೂ ಬಂದಿಲ್ಲ ಅಂದಿದ್ಲು. ವಿಮಾನ ಹಾರಿದ್ದು ಆ ಫೋನಿಂದ.

ಹಾಗಾಗಿ ಈಗ ನಾವು ಐದು ಜನ ಮಾಡೋದು ಇಷ್ಟು. ಹೊರಡೋ ಮೊದಲು ಕಾಫಿ ಕುಡೀತಾ ಎರಡೇ ಗುರುತು ಮಾತಾಡ್ಕೋತೀವಿ: ಬಾಣ ಅಂದ್ರೆ ಹೋದ ದಾರಿ, ಎಕ್ಸ್ ಅಂದ್ರೆ ಬೇಡ. ವಾಪಸ್ ಬರುವಾಗ ನಾವು ಹಾಕಿದ್ದನ್ನ ನಾವೇ ಕೆಡಿಸ್ತೀವಿ, ಇನ್ನೊಬ್ಬರು ಅದನ್ನ ನಂಬಿ ಹೋಗಬಾರದಲ್ಲ. ಕುತ್ತಿಗೆಗೆ ಒಂದು ಸೀಟಿ, ಮೂರು ಸಲ ಊದಿದ್ರೆ ತೊಂದರೆ ಅಂತ. ಮತ್ತೆ ನಮ್ಮಕ್ಕನಿಗೆ ಒಂದು ಮೆಸೇಜು: ಯಾವ ಬೆಟ್ಟ, ಯಾವ ಕಡೆಯಿಂದ ಹತ್ತೋದು, ಎಷ್ಟು ಜನ, ಎಷ್ಟು ಗಂಟೆಗೆ ಕೆಳಗೆ ಬರ್ತೀವಿ. ಹೋದ ಸಲ ಅವಳ ಉತ್ತರ ಹೀಗಿತ್ತು: ‘ಏಳು ಗಂಟೆಗೆ ಫೋನ್ ಬರ್ಲಿಲ್ಲ ಅಂದ್ರೆ ಮೊದಲು ಫಾರೆಸ್ಟ್ ಆಫೀಸಿಗೆ ಮಾಡ್ತೀನಿ, ಆಮೇಲೆ ಅಮ್ಮನಿಗೆ ಹೇಳ್ತೀನಿ. ಎರಡನೇದು ನಿನಗೇ ಕಷ್ಟ.’ ಆರೂವರೆಗೇ ಫೋನ್ ಮಾಡಿದೆ.