ಶಾಲು ಹೊದಿಸಿದ ಮೇಲೆ



ಸರ್ಕಾರಿ ಅಧಿಕಾರಿಯೊಬ್ಬರ ಹೆಸರನ್ನು ಊರಿಗೇ ಇಟ್ಟುಕೊಂಡವರು ನಾವು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿದ್ದಾಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ರಿಚರ್ಡ್ ಸ್ಟುವರ್ಟ್ ಡಾಬ್ಸ್ ಹೆಸರೇ ಶಿವಗಂಗೆ ಬೆಟ್ಟದ ಮಗ್ಗುಲಿನ ಈ ದಾಬಸ್‌ಪೇಟೆಗೆ ನಿಂತಿತು. ಅದೇ ಕಾಲದಲ್ಲಿ ಇಲ್ಲಿ ರಸ್ತೆಗೆ ಜಲ್ಲಿ ಒಡೆದು ಹಾಕಿದವರ ಹೆಸರುಗಳು ನಮಗೆ ಉಳಿದಿಲ್ಲ. ಮೇಲಿನವರಿಗೆ ಸಲ್ಲುವ ಕೃತಜ್ಞತೆ ಕೆಳಗಿನವರನ್ನು ಮುಟ್ಟುತ್ತಿಲ್ಲ ಎಂಬುದೇ ಇವತ್ತಿನ ನನ್ನ ಮಾತು.

ಆ ಕೃತಜ್ಞತೆ ಮೊದಲು ಕಾಣಬೇಕಾದದ್ದು ಉದ್ಯೋಗದಲ್ಲಿ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ 2025–30ರ ಕೈಗಾರಿಕಾ ನೀತಿ ಪ್ರಕಟಿಸಿತು. 7.5 ಲಕ್ಷ ಕೋಟಿ ರೂಪಾಯಿ ಬಂಡವಾಳ, 20 ಲಕ್ಷ ಉದ್ಯೋಗ ಅದರ ಗುರಿ. ದಾಬಸ್‌ಪೇಟೆಗೂ ದೊಡ್ಡಬಳ್ಳಾಪುರಕ್ಕೂ ನಡುವೆ 5,800 ಎಕರೆಯಲ್ಲಿ ಕ್ವಿನ್ ಸಿಟಿ ಎಂಬ ಹೊಸ ನಗರ ಕಟ್ಟುವ ಯೋಜನೆಯೂ ಇದೆ. ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದದ್ದನ್ನು ಕಣ್ಣಾರೆ ಕಂಡವರು ನೀವು. ರಾಗಿ ಹೊಲ ಕೊಟ್ಟ ಮನೆಯ ಹುಡುಗ ಆ ಹೊಲದ ಮೇಲೆ ಎದ್ದ ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆ ಮೇಲೆ ಕಾವಲು ನಿಲ್ಲುವುದನ್ನೂ ಕಂಡಿದ್ದೀರಿ. ಸ್ಥಳೀಯರಿಗೆ ಕೆಲಸ ಕೊಡಿ ಎಂದು ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ ವರದಿ ಕೊಟ್ಟಿತ್ತು. ಅದೇ ಉದ್ದೇಶಕ್ಕೆ 2024ರ ಜುಲೈಯಲ್ಲಿ ಸಂಪುಟ ಒಪ್ಪಿದ ಮಸೂದೆಯನ್ನು ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿಯಲಾಯಿತು.

ಕಾರ್ಖಾನೆ ಬರಲಿ, ಬೇಡವೆನ್ನುವವನು ನಾನಲ್ಲ. ಆದರೆ ಬಂಡವಾಳಗಾರರನ್ನು ಕಾಯದೆ, ಒಂದು ಗುಂಟೆ ಭೂಮಿಯನ್ನೂ ಸ್ವಾಧೀನ ಮಾಡಿಕೊಳ್ಳದೆ ಕೊಡಬಹುದಾದ ಕೆಲಸಗಳು ಸರ್ಕಾರದ ಕೈಯಲ್ಲೇ ಇವೆ. ರಾಜ್ಯದ ಇಲಾಖೆಗಳಲ್ಲಿ ಮಂಜೂರಾಗಿಯೂ ಖಾಲಿ ಬಿದ್ದಿರುವ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಆ ಖಾಲಿ ಕುರ್ಚಿಗಳ ಕೆಲಸವನ್ನು ಇರುವವರೇ ಮೈಮೇಲೆ ಹಾಕಿಕೊಂಡು ಮಾಡುತ್ತಿದ್ದಾರೆ. ಏಪ್ರಿಲ್ 21ರ ಸರ್ಕಾರಿ ನೌಕರರ ದಿನ ಸರ್ವೋತ್ತಮ ಸೇವಾ ಪ್ರಶಸ್ತಿ ಕೊಡುತ್ತಾರೆ, ಸಂತೋಷ. ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು, ಅದೂ ನ್ಯಾಯವೇ. ಶಾಲು, ಹಾರ, ಸಂಬಳ ಎಲ್ಲಕ್ಕಿಂತ ಹೆಚ್ಚಾಗಿ ಇವತ್ತು ನೌಕರನಿಗೆ ಬೇಕಿರುವುದು ಪಕ್ಕದ ಕುರ್ಚಿಗೆ ಇನ್ನೊಬ್ಬ ಮನುಷ್ಯ.

ಆ ವೇತನ ಆಯೋಗದ ಲೆಕ್ಕಕ್ಕೇ ಬಾರದವರೂ ಇದ್ದಾರೆ. ನಮ್ಮೂರಿನ ನೀರುಗಂಟಿಯನ್ನೇ ನೋಡಿ. ಅವನು ಪಂಚಾಯಿತಿ ನೌಕರ, ಸರ್ಕಾರಿ ನೌಕರನಲ್ಲ. ತ್ರೀ ಫೇಸ್ ಕರೆಂಟು ಬೆಳಗಿನ ಜಾವ ಬಂತೆಂದರೆ ಆ ಹೊತ್ತಿಗೇ ಎದ್ದು ಹೋಗಿ ಮೋಟರ್ ಹಾಕಬೇಕು. ಟ್ಯಾಂಕು ತುಂಬಿದ ಮೇಲೆ ವಾಲ್ವ್ ಗುಂಡಿಯ ಪಕ್ಕ ಬೋರಲು ಮಲಗಿ, ಕೆಸರಿನೊಳಗೆ ತೋಳಿನವರೆಗೂ ಕೈ ಇಳಿಸಿ ತಿರುಗಿಸಬೇಕು. ಮೇಲಿನ ಬೀದಿಗೆ ಬಿಟ್ಟರೆ ಕೆಳಗಿನ ಬೀದಿಯವರು ಬೈಯುತ್ತಾರೆ, ಕೆಳಗೆ ಬಿಟ್ಟರೆ ಮೇಲಿನವರು. ಮೋಟರ್ ಸುಟ್ಟರೂ ಬೈಗುಳ ಅವನಿಗೇ. ಕಾರ್ಖಾನೆ ಕೆಲಸಕ್ಕೆಂದು ಬಂದು ನಮ್ಮಲ್ಲಿ ಬಾಡಿಗೆಗಿರುವ ಅಷ್ಟೂ ಕಾರ್ಮಿಕರ ಬಿಂದಿಗೆ ತುಂಬಿಸುವವನು ಇವನೇ. ಇವನಿಲ್ಲದೆ ಯಾವ ಕೈಗಾರಿಕಾ ನೀತಿ ನಡೆದೀತು?

ಇಂಥವರನ್ನು ಕಾಯಂ ಮಾಡುವುದು ಆಗದ ಮಾತು ಎನ್ನಬೇಡಿ. ಬೆಂಗಳೂರಿನ ಪೌರಕಾರ್ಮಿಕರನ್ನು ನೆನೆಯಿರಿ. ಅವರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ಎಪ್ಪತ್ತರ ದಶಕದಲ್ಲೇ ವರದಿ ಬರೆದಿತ್ತು. ಸೆಪ್ಟೆಂಬರ್ 23ಕ್ಕೆ ಅವರ ಹೆಸರಿನ ದಿನಾಚರಣೆಯೂ ಬಂತು, ಸನ್ಮಾನಗಳಾದವು, ಬಹುಪಾಲು ಜನರಿಗೆ ಕಾಯಂ ನೌಕರಿ ಮಾತ್ರ ಸಿಗಲಿಲ್ಲ. 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತರು. 2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರ ಕೈಗೆ ಕಾಯಂ ನೇಮಕಾತಿ ಪತ್ರ ಬಂತು. ಉದ್ಯೋಗವೂ ಕೃತಜ್ಞತೆಯೂ ಒಂದೇ ಹಾಳೆಯಲ್ಲಿದ್ದ ದಿನ ಅದು. ಅವರು ಹೋರಾಡಿ ಪಡೆದದ್ದನ್ನು ಉಳಿದವರಿಗೆ ಸರ್ಕಾರ ತಾನಾಗಿ ಕೊಡಬೇಕು.

ಈ ಸಭೆ ಕರೆದ ಸಂಘದವರಲ್ಲಿ ನನ್ನದೊಂದು ಕೋರಿಕೆ. ಸೋಂಪುರ ಹೋಬಳಿಯ ಶಾಲೆ, ಆಸ್ಪತ್ರೆ, ನಾಡಕಚೇರಿ, ಪಂಚಾಯಿತಿಗಳಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ, ಗುತ್ತಿಗೆಯವರೆಷ್ಟು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ. ಉತ್ತರಕ್ಕೆ 30 ದಿನದ ಗಡುವಿದೆ. ಬಂದ ಪಟ್ಟಿಯನ್ನು ಮುಂದಿನ ಉಪನ್ಯಾಸದ ದಿನ ಇದೇ ವೇದಿಕೆಯಲ್ಲಿ ಗಟ್ಟಿಯಾಗಿ ಓದಿ, ಶಾಸಕರ ಕೈಗೆ ಕೊಡೋಣ. ಅರ್ಜಿಯನ್ನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ದಯವಿಟ್ಟು ಸಹಿ ಹಾಕಿ ಹೋಗಿ.