ಚಿಗವ್ವನ ವರದಿಯಲ್ಲಿದ್ದ 67



ನಾನು ಇವತ್ತು ಒಂದು ಕಾಗದದ ಬಗ್ಗೆ ಮಾತಾಡ್ತೀನಿ. ಹೋದ ವರ್ಷ ನಮ್ಮ ಚಿಗವ್ವನ ಎದೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಂತ ವರದಿ ಬಂತು, ಪೂರಾ ಇಂಗ್ಲಿಷಿನಲ್ಲಿ. ಕೊನೆಗೆ ‘ಕೆಐ-67: 20%’ ಅಂತ ಬರೆದಿತ್ತು. ಓಣಿಯ ಒಬ್ಬರು ಓದಿ, “ಅರವತ್ತೇಳು ಪರ್ಸೆಂಟ್ ಹರಡೇದ” ಅಂದುಬಿಟ್ಟರು. ಚಿಗವ್ವ, “ಹಂಗಾದ್ರ ಇದ್ದೊಂದು ಎಮ್ಮಿ ಮಾರಬ್ಯಾಡ್ರಿ” ಅಂದು ಸೊಲ್ಲಾಪುರಕ್ಕೆ ಹೋಗುವುದನ್ನೇ ಬಿಟ್ಟಳು. ಹದಿನೈದು ದಿನ ಹಂಗೇ ಹೋದವು.

ನಾನು ಬಿ.ಎ. ಓದುವವಳು, ನನಗೂ ತಿಳೀಲಿಲ್ಲ. ಕಾಲೇಜಿನ ಜೀವಶಾಸ್ತ್ರದ ಮೇಡಂ ಹತ್ತಿರ ಒಯ್ದೆ. ಅವರಂದ ಮೊದಲ ಮಾತು: ಆ 67 ರೋಗದ ಲೆಕ್ಕವೇ ಅಲ್ಲ.

ಜರ್ಮನಿಯಲ್ಲಿ ಕೀಲ್ ಅಂತ ಒಂದು ಊರು. ಅಲ್ಲಿ ಯೋಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ಒಂದು ಬಗೆಯ ಕ್ಯಾನ್ಸರ್ ಕೋಶಗಳ ನಡುಗಾಳನ್ನು, ಅಂದರೆ ನ್ಯೂಕ್ಲಿಯಸ್ಸನ್ನು, ಇಲಿಗೆ ಚುಚ್ಚಿದರು. ಹೊರಗಿನದು ಒಳಗೆ ಬಂದರೆ ಮೈ ಅದಕ್ಕೆ ಅಂಟುವ ಪ್ರತಿಕಾಯ ತಯಾರಿಸುತ್ತದೆ. ಅದನ್ನು ತಯಾರಿಸುವ ಕೋಶಗಳನ್ನು 96 ಗುಳಿಗಳ ತಟ್ಟೆಯಲ್ಲಿ ಬೆಳೆಸಿದರು. ಬೇಕಾದದ್ದು ಸಿಕ್ಕಿದ್ದು 67ನೆಯ ಗುಳಿಯಲ್ಲಿ. ಊರಿನ ಹೆಸರಿನ ಮೊದಲೆರಡು ಅಕ್ಷರ, ಗುಳಿಯ ನಂಬರ್, ಅಷ್ಟೇ. 1983ರಲ್ಲಿ ಅದನ್ನು ಪ್ರಕಟಿಸಿದರು. ಮನೆ ನಂಬರ್ 67 ಅಂದರೆ ಒಳಗ 67 ಮಂದಿ ಅದಾರ ಅಂತಲ್ಲವಲ್ಲ!

ಈ ಪ್ರತಿಕಾಯ ಅಂಟುವುದು ಒಂದು ಪ್ರೋಟೀನಿಗೆ. ಕೋಶ ಒಂದು ಎರಡಾಗುವ ಕೆಲಸದಲ್ಲಿದ್ದಾಗ ಅದು ಇರುತ್ತದೆ, ಕೋಶ ಸುಮ್ಮನಿದ್ದಾಗ ಇರುವುದಿಲ್ಲ. ಅಂಟಿದ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತಾರೆ, ಉಳಿದವು ನೀಲಿ. ಆಮೇಲೆ ಎಣಿಕೆ. ಚಿಗವ್ವನ ಚೂರಿನಲ್ಲಿ ನೂರು ಕ್ಯಾನ್ಸರ್ ಕೋಶಕ್ಕೆ ಇಪ್ಪತ್ತು ಕಂದು. ರೋಗ ಎಲ್ಲಿಗೆ ಹರಡಿದೆ ಅನ್ನುವುದನ್ನು ಇದು ಹೇಳುವುದಿಲ್ಲ, ಅದಕ್ಕೆ ಸ್ಕ್ಯಾನು, ಬಗಲಿನ ಗಂಟಿನ ಪರೀಕ್ಷೆ ಬೇರೆ ಇವೆ.

ಮೊದಲಿನ ಪ್ರತಿಕಾಯ ಹೆಪ್ಪುಗಟ್ಟಿಸಿದ ಚೂರಿನ ಮೇಲೆ ಮಾತ್ರ ನಡೆಯುತ್ತಿತ್ತು. ಆಸ್ಪತ್ರೆಗಳು ಚೂರನ್ನು ಇಡುವುದು ಮೇಣದಲ್ಲಿ. 1990ರ ದಶಕದಲ್ಲಿ ಎಂಐಬಿ-1 ಅನ್ನುವ ಹೊಸ ಪ್ರತಿಕಾಯ ಬಂತು. ಮೇಣದಿಂದ ಕೊಯ್ದ ಪದರವನ್ನು ಮೈಕ್ರೋವೇವ್ ಒಲೆಯಲ್ಲಿ (ಹೌದು, ಅಡಿಗೆ ಬಿಸಿ ಮಾಡೂದೇ!) ಕಾಯಿಸಿದರೆ ಇದು ಅಲ್ಲಿಯೂ ಅಂಟುತ್ತದೆ.

ಹಂಗಂತ ಎಣಿಕೆ ತಕ್ಕಡಿ ತೂಕದಂಥದ್ದಲ್ಲ. ಒಂದು ಲ್ಯಾಬಿನ 20 ಇನ್ನೊಂದರಲ್ಲಿ 15 ಆಗಬಹುದು. ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ 5 ಮತ್ತು ಅದಕ್ಕಿಂತ ಕಡಿಮೆ, 30 ಮತ್ತು ಅದಕ್ಕಿಂತ ಹೆಚ್ಚು, ಇವನ್ನು ತಜ್ಞರು ನಂಬುತ್ತಾರೆ. ನಡುವಿನದಾದರೆ ಬೇರೆ ಪರೀಕ್ಷೆಗಳನ್ನೂ ಕೂಡಿಸಿ ನೋಡಬೇಕು. ನಮ್ಮದು ನಡುವಿನದೇ.

ಇದೆಲ್ಲಾ ಮನೆಯಲ್ಲಿ ಹೇಳಿದೆ. ಚಿಗವ್ವ ಕೇಳಿದಳು: “ಹಂಗಾದ್ರ ಉಳದ ಎಂಬತ್ತು ಸುಮ್ನ ಕುಂತಾವೇನ?” ಅವೂ ಕ್ಯಾನ್ಸರ್ ಕೋಶಗಳೇ, ಆ ಹೊತ್ತಿಗೆ ಸುಮ್ಮನಿದ್ದವು ಅಂದೆ. “ನಡಿ ಮತ್ತ, ಅವು ಏಳೂದ್ರಾಗ ಹೋಗೂಣು.” ಮರುದಿನ ಮುಂಜಾನೆ ಬಸ್ಸಿಗೇ ಹೋದೆವು. ಎಮ್ಮಿ ಮಾರಿದೆವು. ಚಿಕಿತ್ಸೆ ನಡೆದದ.

ಇಂಥ ಕಾಗದ ಯಾರ ಮನೆಗೆ ಬಂದರೂ ಭಾನುವಾರ ಸಂಘಕ್ಕೆ ತರ್ರಿ. ಔಷಧ ಹೇಳಲು ನಮಗೆ ಬರುವುದಿಲ್ಲ. ಡಾಕ್ಟರಿಗೆ ಏನು ಕೇಳಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆದು ಕೊಡ್ತೀವಿ. ಬೇರೆ ಆಸ್ಪತ್ರೆಗೆ ತೋರಿಸುವುದಿದ್ದರೆ ಲ್ಯಾಬಿನಿಂದ ಮೇಣದ ಬ್ಲಾಕನ್ನೂ ಕೇಳಿ ತಗೊಂಡು ಬರ್ರಿ.